ಬರ್ಕಾದಲ್ಲಿ ಮುಳುಗಿದ ಸೂರ್ಯ

ನೋಡಿ, ಮತ್ತೆ ನಡುವೆ ಬಾಯಿ ಹಾಕಿದಿರಿ! ಕಟ್ಟಿಕೊಂಡ ಹೆಂಡತಿ ಒಂದು ಮಾತು ಶುರುಮಾಡಿದರೆ ಸಾಕು, ನಿಮಗೆ ಚಹಾ ನೆನಪಾಗುತ್ತದೆ, ಫೋನ್ ನೆನಪಾಗುತ್ತದೆ... ಕೂತುಕೊಳ್ಳಿ ಮಾರಾಯ್ರೇ. ಮೆಲ್ಲಗೆ! ಮಗಳು ಈಗಷ್ಟೇ ಮಲಗಿದ್ದಾಳೆ.

ನಾನು ಹೇಳುತ್ತಿದ್ದದ್ದು ಈ ಗೋಡೆಯ ಚಿತ್ರದ ವಿಷಯ. ನಿಮ್ಮ ಆಫೀಸಿನ ಡಚ್ ಸಾಹೇಬರು ಊರಿಗೆ ಹೊರಡುವಾಗ ಕೊಟ್ಟದ್ದು. ನೂರೈವತ್ತು ವರ್ಷದ ಹಿಂದೆ ಅವರ ಕಡಲ ಬದಿಯಲ್ಲಿ ಯಾರೋ ಬಿಡಿಸಿದ್ದಂತೆ, ಅದರ ಪ್ರಿಂಟು. ಎಂತ ನಗುವುದು? ಹತ್ತನೇ ಕ್ಲಾಸು ಓದಿದವಳಿಗೆ ಕಣ್ಣಿಲ್ಲವಾ?

ಈ ಹೆಂಗಸನ್ನು ನೋಡಿ. ಸೊಂಟದ ಮೇಲೆ ಮಗು. ಗಂಡನ ದೋಣಿ ಕಾಯುತ್ತಿದ್ದಾಳೆ. ಸೂರ್ಯ ನೀರಿಗೆ ತಾಗಿದ್ದಾನೆ, ಬೆಳಕು ಅಲೆಯ ಮೇಲೆ ಹರಿದು ಅವಳ ಕಾಲಬುಡಕ್ಕೇ ಬಂದಿದೆ. ಬೆಳಕು ಬಂತು, ಗಂಡ ಬರಲಿಲ್ಲ!

ಇದು ಸಂಜೆ ಅಂತ ನಾನು. ಊರಲ್ಲಿ, ನಮ್ಮ ಉಚ್ಚಿಲದಲ್ಲೂ ಸೂರ್ಯ ಮುಳುಗುವುದು ಕಡಲಿಗೇ ಅಲ್ವಾ? ಮೊನ್ನೆ ತೃಷಾಳಿಗೂ ಹಾಗೇ ಹೇಳಿದೆ. ನಿಮ್ಮ ಮಗಳು, ಈ ಅರಬರ ದೇಶದ ಶಾಲೆಯಲ್ಲಿ ಎರಡನೇ ಕ್ಲಾಸಿನವಳು, ಎಂತ ಹೇಳಿದಳು ಗೊತ್ತುಂಟಾ? "ನೋ ಮಮ್ಮಿ, ಇಲ್ಲಿ ಸನ್ ಸೀಯಿಂದ ಬರುವುದು. ಸೆಟ್ ಆಗುವುದು ಗುಡ್ಡದ ಹಿಂದೆ."

ಈಗ ಯಾಕೆ ಫೋನ್ ಮಗುಚಿ ಇಟ್ಟಿರಿ?

ಹೋದ ವಾರದ ಫೋಟೋ ಉಂಟಲ್ಲ... ಬರ್ಕಾ ಬೀಚಿನಲ್ಲಿ ಹಲ್ಲು ಬಿಟ್ಟು ನಿಂತಿದ್ದೀರಿ, ಹಿಂದೆ ಕಡಲಿಗೆ ತಾಗಿದ ಸೂರ್ಯ. "ಸಂಜೆ ಸೊಹಾರಿಗೆ ಹೋಗುವಾಗ ದಾರಿಯಲ್ಲಿ ತೆಗೆದದ್ದು, ಆಮೇಲೆ ರಾತ್ರಿಯಿಡೀ ಸೊಹಾರಿನಲ್ಲಿ ಕೆಲಸ" ಅಂದಿರಿ. ಆದರೆ ಬರ್ಕಾದಲ್ಲಿ ಸೂರ್ಯ ಕಡಲ ಮೇಲೆ ಹಾಗೆ ಕಾಣುವುದು ಬೆಳಿಗ್ಗೆ! ಬೆಳಿಗ್ಗೆ ಬರ್ಕಾದಲ್ಲಿದ್ದವರು ರಾತ್ರಿ ಎಲ್ಲಿದ್ದಿರಿ? ಸುಳ್ಳು ಹೇಳುವಾಗಲಾದರೂ ಈ ದೇಶದ ಆಕಾಶ ನೋಡಬಾರದಾ? ಊರಿನ ಸೂರ್ಯನನ್ನೇ ಹೊತ್ತು ತಂದಿರಿ, ಪಾಪ!

ಇಲ್ಲ, ಏಳಬೇಡಿ. ಫೋಟೋ ತೆಗೆದದ್ದು ಯಾರು? ಅದೊಂದು ಹೇಳಿ, ಖಲಾಸ್. ಡ್ರೈವರ್ ಹಸೈನಾರ್ ಅನ್ನಿ... ದಾರಿಯಲ್ಲಿ ಹೋಗುವ ಯಾರೋ ಅನ್ನಿ... ಅನ್ನಿ, ನಾನು ನಂಬುತ್ತೇನೆ. ಅವಳ ಹೆಸರು ಮಾತ್ರ ಹೇಳಬೇಡಿ.

...

ಎಂತ? ಹೌದು, 'ಅವಳ' ಅಂದೆ. ಬಾಯಿತಪ್ಪಿ ಬಂತು... ಇಲ್ಲ, ಬಾಯಿತಪ್ಪಿ ಅಲ್ಲ. ಈ ಫೋಟೋಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು ನನಗೆ.

ಮಾತಾಡಿ! ಯಾಕೆ ಹಾಗೆ ನನ್ನ ಮುಖವನ್ನೇ ನೋಡುವುದು? ಗೊತ್ತಿದ್ದೂ ನಾನು ಇಷ್ಟು ದಿನ ಯಾಕೆ ಕೇಳಲಿಲ್ಲ... ಅಂತಲಾ?