ಒಂದೇ ನಂಬರಿನ ಹನ್ನೆರಡು ಮನೆ

ಅದಕ್ಕೊಂದು ಹೆಸರಿತ್ತವಾ... ನಜ... ನಜರು... ಅಲ್ಲ, ಕೂಸಿನ ದೃಷ್ಟಿ ತಗೀತೀವಲ್ಲ, ಆ ನಜರ್ ಅಲ್ಲ. ಹಾಂ, ನಜರಿ ನಕ್ಷೆ! ನಜರಿ ನಕ್ಷೆ ಅಂತಿದ್ರು. ಟೇಪ್ ಹಿಡಿಯೋದಿಲ್ಲ, ಏನಿಲ್ಲ, ಬರೇ ಕಣ್ಣಳತಿ ಮ್ಯಾಲ ಕೈಲೆ ಬರಿಯೋ ನಕ್ಷೆ. ನೀ ಈಗ ಮೊಬೈಲಿನ್ಯಾಗ ಬೆರಳಿಟ್ಟು, "ಅಜ್ಜಿ, ನಮ್ಮನಿ ಇಲ್ಲೈತಿ, ಜನಗಣತಿಗೆ ಇಷ್ಟ ಸಾಕು" ಅಂದಿ ನೋಡು, ಆ ಕೆಲಸ ನಾ ಕಾಲ್ನಡಿಗಿಲೆ ಮಾಡೀನಿ, ಅಕ್ಷತಾ. ನಗಬ್ಯಾಡ. ಆ ಕಿಡಕಿ ಒಂಚೂರು ತಗೀ, ನಂಗ ಒಂದ ಕಡೆ ಕೂಡಾಕ ಆಗವಲ್ದು ಇವತ್ತ.

ಆವಾಗ ನಿಮ್ಮಜ್ಜ ದುಡೀತಿದ್ದ ಮಿಲ್ಲು ಮುಚ್ಚಿತ್ತು. ಗದಗ ಕಡೆಯಿಂದ ಈ ಊರಿಗೆ ಬಂದು ನನಗ ಎರಡು ವರ್ಷ ಆಗಿರಬೇಕು, ಅಲ್ಲ, ಎರಡೂ ತುಂಬಿರಲಿಲ್ಲ, ಯಾಕಂದ್ರ ನಿಮ್ಮಪ್ಪ ಇನ್ನೂ ಅಂಬೆಗಾಲಿಡ್ತಿದ್ದ. ಅಬಿಡ್ಸ್ ಯಾವ ಕಡೆ, ಹಿಮಾಯತ್‌ನಗರ ಯಾವ ಕಡೆ ಅಂತ ಕೇಳಿದ್ರ ಆಕಾಶ ನೋಡ್ತಿದ್ದೆ. ಒಂದು ಕನ್ನಡ ಸಾಲ್ಯಾಗ ಟೆಂಪರವರಿ ಟೀಚರ್ ಅಂತ ತಗೊಂಡಿದ್ರು, ಅದ ನನ್ನ ಮೊದಲನೇ ನೌಕ್ರಿ. ಜನಗಣತಿ ಡ್ಯೂಟಿ ಬಂತು. ಪರ್ಮನೆಂಟ್ ಟೀಚರುಗಳಿಗೆ ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಮಗಳ ಬಾಣಂತನ. ಹೆಡ್‌ಬಾಯಾರು ನನ್ನ ಮಾರಿ ನೋಡಿದ್ರು. "ನೀವ ಹೋಗ್ರಿ. ಚಲೋ ಮಾಡಿದ್ರ ಮುಂದಿನ ವರ್ಷನೂ ಇಟಗೋತೀವಿ. ಏನರ ತಕರಾರು ಬಂತಂದ್ರ ನನ್ನ ಕೇಳಬ್ಯಾಡ್ರಿ." ಮನ್ಯಾಗ ದುಡಿಯೋದು ನಾ ಒಬ್ಬಾಕಿ. ಅಂಜಿಕೊಂಡ ಹೋದೆ, ಅಂಜಿಕೊಂಡ ಮಾಡಿದೆ. ಆ ಅಂಜಿಕಿನ ಎಲ್ಲಾ ಕೆಡಿಸ್ತು ನೋಡು.

ನನ್ನ ಪಾಲಿಗೆ ಬಂದಿದ್ದು ದಿಲ್‌ಸುಖ್‌ನಗರದ ಹಿಂದ ಕಲ್ಲಿನ ಗಣಿ ಇದ್ದ ಜಾಗ, ಈಗ ಅಲ್ಲಿ ಕೋಚಿಂಗ್ ಸೆಂಟರು, ಹಾಸ್ಟೆಲ್ಲು, ಗುರ್ತ ಹತ್ತಂಗಿಲ್ಲ. ಕೈಯಾಗ ಒಂದು ಹಳೇ ನಕ್ಷೆ ಕೊಟ್ರು. ಉತ್ತರಕ್ಕ ರಸ್ತೆ, ಮೂಡಲಕ್ಕ ಗಣಿ, ದಕ್ಷಿಣಕ್ಕ ಒಂದು ಕಂಪೌಂಡು, ಪಡುವಲಕ್ಕ ನಾಲಾ. ಇದರೊಳಗಿನ ಒಂದು ಮನಿನೂ ಬಿಡಬಾರದು, ಇದರ ಹೊರಗಿನ ಒಂದು ಮನಿನೂ ಮುಟ್ಟಬಾರದು. ಎತ್ತು ಹೊಲ ಹೊಡಿಯೂ ಹಂಗ, ಈ ತುದಿಯಿಂದ ಆ ತುದಿಗೆ ಹೋಗಬೇಕು, ಹೊಳ್ಳಿ ಬರಬೇಕು, ಒಂದೊಂದು ಬಾಗಲಕ್ಕ ಕೆಮ್ಮಣ್ಣಿಲೆ ನಂಬರ್ ಹಾಕಬೇಕು. ಈ ಕಡೆ ಜಾಜು ಅಂತಾರ ಅದಕ್ಕ, ಹೆಣ್ಮಕ್ಕಳು ಹೊಸ್ತಿಲಕ್ಕ ಬಳಿತಾರ. ಒಂದು ಡಬ್ಬಿ ಜಾಜು, ಒಂದು ಕುಂಚ, ಕಂಕುಳಾಗ ಕಾಗದದ ಕಟ್ಟು. ಹಿಂಗ ಹೋಗಿ ಹೋಗಿ ನಾಲಾದ ದಂಡಿಗೆ ಬಂದೆ. ಕಡೀ ಮನಿಗೆ ನೂರಾ ನಲವತ್ತಾರು ಅಂತ ಬರದೆ, ಕುಂಚ ಜಾಡಿಸಿದೆ, ನನ್ನ ಕೆಲಸ ಮುಗೀತು ಅಂತ ಉಸಿರು ಬಿಟ್ಟೆ.

ನಾಲಾದ ಆಚಿ ದಂಡ್ಯಾಗ ಹನ್ನೊಂದು ಮನಿ. ಅಲ್ಲಿಂದ ಒಬ್ಬಾಕಿ ಕೂಗಿದ್ಲು, "ಅಕ್ಕಾ, ಓ ಟೀಚರಕ್ಕಾ! ನಮ್ಮ ಮನಿಗಿ ನೆಂಬರ್ ಹಾಕಲ್ಲೇನು?" ನರಸಮ್ಮ ಅಂತ ಆಕಿ ಹೆಸರು, ನಾರಾಯಣಪೇಟೆ ಕಡೆಯಾಕಿ, ಕಲ್ಲು ಒಡೀತಿದ್ಲು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡಾಕಿ. ನಾ ಅಂದೆ, "ನಂದು ಈ ನಾಲಾತನಾ ಅಷ್ಟವಾ. ನಿಮ್ಮ ಕಡೆ ಬ್ಯಾರೆ ಮಾಸ್ತರು ಬರ್ತಾರ."

"ಆ ಮಾಸ್ತರು ಬಂದು ಹೋದ್ನಕ್ಕ. ಅವನು ನಂದೂ ನಾಲಾತನಾ ಅಷ್ಟೇ ಅಂದ."

"ಮತ್ತ ಇದ ನಾಲಾ ಅಲ್ಲೇನು?"

"ಇದು ಹಳೇದಕ್ಕ. ಹ್ವಾದ ಮಳಿಗಾಲಕ್ಕ ನೀರು ನುಗ್ಗಿ ಗುಡಿಸಲಾ ಹೋದಮ್ಯಾಲ ಜೇಸಿಬಿ... ಅಯ್ಯ, ಮಿಷಿನ್ ತಂದು ಅಲ್ಲಿ ಹೊಸಾದು ತೋಡ್ಯಾರ. ನಾವು ನಡುವ ಕುಂತೀವಿ."

ಜೇಸಿಬಿ ಅಂದ್ಲೋ ಏನಂದ್ಲೋ, ಅವಾಗ ಇದ್ದಿಲ್ಲ ಅನಸ್ತೈತಿ, ಅದು ನಾ ಈಗ ಸೇರಿಸಿದ್ದು. ಮಾತು ಮಾತ್ರ ಖರೆ. ನಾ ನಿಂತಿದ್ದು ಒಣ ಹಳ್ಳ. ನೀರು ಹರಿಯೋ ನಾಲಾ ಆಚಿಗೆ ಐತಿ. ನನ್ನ ಕಾಗದ ಹಳೇ ನಾಲಾಕ್ಕ ನಿಂತೈತಿ, ಮಾಸ್ತರ ಕಾಗದ ಹೊಸಾ ನಾಲಾಕ್ಕ ನಿಂತೈತಿ. ನಡುವಿನ ಹನ್ನೊಂದು ಮನಿ ಯಾರ ಕಾಗದದಾಗೂ ಇಲ್ಲ. ನರಸಮ್ಮ ಬಿಡವಲ್ಲಳು. "ರೇಷನ್ ಕಾರ್ಡ್ ಕೇಳಾಕ ಹೋದ್ರ ಬಾಗಲ ನೆಂಬರ್ ಹೇಳು ಅಂತಾರ. ಹಾಕಕ್ಕ ಒಂದು, ನಿನ್ನ ಗಂಟೇನು ಹೋಗತೈತಿ?" ಇದು ಆ ನಂಬರ್ ಅಲ್ಲವಾ, ಇದು ಎಣಿಸಾಕ ಹಾಕೂದು ಅಂತ ತಿಳಿಸಿ ಹೇಳಿದೆ. "ಎಣಿಸಾಕ ಆದ್ರ ಮತ್ತೂ ಚಲೋ ಆತು, ಎಣಿಸು" ಅಂದ್ಲು. ನನಗ ಹೆಡ್‌ಬಾಯಾರ ಮಾರಿ ಕಣ್ಮುಂದ ಬಂತು. ಗೆರಿ ದಾಟಬಾರದು. ಸಾಹೇಬ್ರನ್ನ ಕೇಳತೀನಿ ಅಂತ ಸುಳ್ಳು ಹೇಳಿ ಬಂದೆ. ಕೇಳಲಿಲ್ಲ. ಎಂಟು ದಿನ ಕುಂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ, ಆದ್ರೂ ಕೇಳಲಿಲ್ಲ.

ಆಮ್ಯಾಲ ಸೂಪರ್‌ವೈಸರ್ ಸಾಹೇಬ್ರು ಸ್ಕೂಟರ್ ಮ್ಯಾಲ ತಪಾಸಣಿಗೆ ಬಂದ್ರು. ನನ್ನ ಕಡೀ ಮನಿತನಾ ಎಲ್ಲಾ ಚಲೋ ಆತು. ಒಣ ಹಳ್ಳದ ಆಚಿಗೆ ನೋಡಿದವರ ನಿಂತಬಿಟ್ರು. "ಕ್ಯಾ ಅಮ್ಮಾ ಯೇ? ಏಕಿಚ್ ನಂಬರ್!" ನಾನೂ ನೋಡಿದೆ. ಹನ್ನೊಂದೂ ಮನಿ ಬಾಗಲಕ್ಕ ಜಾಜಿಲೆ ದಪ್ಪಗ ನೂರಾ ನಲವತ್ತಾರು, ನೂರಾ ನಲವತ್ತಾರು, ನೂರಾ ನಲವತ್ತಾರು! ಹೆಣ್ಮಕ್ಕಳು ತಾವ ಬರಕೊಂಡಿದ್ರು. ಓದಾಕ ಬರಂಗಿಲ್ಲ, ರಂಗೋಲಿ ನೋಡಿ ಹಾಕೂ ಹಂಗ ನನ್ನ ಕಡೀ ಮನಿ ನಂಬರ್ ನೋಡಿ ಚಿತ್ತಾರ ತಗದಿದ್ರು. ಒಬ್ಬಾಕಿ ಸುತ್ತಲೂ ಚುಕ್ಕಿನೂ ಇಟ್ಟಿದ್ಲು, ಚಂದ ಕಾಣಲಿ ಅಂತ.

"ಅಳಿಸಮ್ಮಾ ಮೊದಲ! ಮ್ಯಾಲಿನವರು ನೋಡಿದ್ರ ನನ್ನ ನೌಕ್ರಿಗೂ ಬರತೈತಿ, ನಿಂದಕ್ಕೂ ಬರತೈತಿ." ನಾ ಬಕೀಟು ತಗೊಂಡೆ. ಹೌದವಾ, ತಗೊಂಡೆ. ಒಂದು ಬಾಗಲ ಅಳಿಸಿದೆ, ಎರಡು ಅಳಿಸಿದೆ. ಮೂರನೇದಕ್ಕ ಕೀಲಿ ಹಾಕಿತ್ತು, ಅದನ್ನೂ ಅಳಿಸಿದೆ. ನಾಲ್ಕನೇದು ನರಸಮ್ಮಂದು. ಆಕಿ ಜಗಳಾಡಲಿಲ್ಲ. ಹಸಿಗೂಸನ್ನ ಬಗಲಾಗ ಎತಗೊಂಡು ಬಾಗಲಕ್ಕ ಬೆನ್ನು ಕೊಟ್ಟು ನಿಂತು, "ಅಳಿಸಕ್ಕ. ನಾ ಸರಿಯಂಗಿಲ್ಲ. ನನ್ನ ಸೀರಿ ಮ್ಯಾಲಿಂದನ ಒರಸು" ಅಂದ್ಲು. ಅರಿವಿ ಕೈಯಾಗ ಹಿಡಕೊಂಡು ನಿಂತೆ. ನೀರು ಮೊಳಕೈತನಾ ಇಳೀತು.

ಅವಾಗ ಎಲ್ಲಿಂದ ಬಾಯಿ ಬಂತೋ ಏನೋ, ಹೊಳ್ಳಿ ನಿಂತು ಕೇಳಿದೆ: "ಸರ್, ನೀವು ಈಗ ಎಲ್ಲಿ ನಿಂತೀರಿ ಹೇಳ್ರಿ?"

"ನಾಲಾದಾಗ."

"ಬೂಟು ತೊಯ್ದಾವೇನ್ರಿ?"

ಹೆಂಗಸರೆಲ್ಲ ಕಿಸಕ್ ಅಂದ್ರು. ಸಾಹೇಬ್ರು ಕಾಲ ಕೆಳಗ ನೋಡಿದ್ರು, ದೂರ ವಾಸನಿ ಬರೋ ಕಡೆ ನೋಡಿದ್ರು. ಕೆಟ್ಟ ಮನಶ್ಯಾ ಅಲ್ಲ ಅಂವ, ಅವನೂ ನನ್ನಂಗ ಅಂಜುಬುರುಕ. ಅಲ್ಲೇ ಒಂದು ಹೊರಸಿನ ಮ್ಯಾಲ ನನ್ನ ನಕ್ಷೆ, ತಮ್ಮ ಹತ್ರ ಇದ್ದ ಮಾಸ್ತರ ನಕ್ಷೆ ಬಾಜೂಕ ಬಾಜೂ ಹಾಸಿದ್ರು. ಎರಡೂ ನಕ್ಷೆದಾಗ ಗೆರಿ ಐತಿ, ಗೆರಿ ಪಕ್ಕಕ್ಕ ನಾಲಾ ಅಂತೂ ಬರದೈತಿ, ಹನ್ನೊಂದು ಮನಿ ಮಾತ್ರ ಎಲ್ಲೂ ಇಲ್ಲ. ಸಾಹೇಬ್ರು ತಲಿ ಕೆರಕೊಂಡು, "ಯಾರು ತಗೋತೀರಿ ಇವನ್ನ?" ಅಂದ್ರು. ನಾ ತಗೋತೀನಿ ಅಂದೆ. "ಬರವಣಿಗಿಲೆ ಕೊಡು, ನಾಳೆ ಯಾರರ ಕೇಳಿದ್ರ ನಿನ್ನ ಹೆಸರು ಹೇಳ್ತೀನಿ." ಕೊಟ್ಟೆ. ಅವಾಗ ಅವರ ಹೇಳಿದ್ರು, ಬಿಟ್ಟು ಹೋದ ಮನಿ ಸಿಕ್ರ ಹೊಸಾ ನಂಬರ್ ಕೊಡಂಗಿಲ್ಲ, ಹಿಂದಿನ ಮನಿ ನಂಬರಿನ ಮುಂದ ಒಂದು ಓರೆ ಗೆರಿ ಹೊಡದು ಒಂದು, ಎರಡು, ಮೂರು ಅಂತ ಹಚ್ಚಬೇಕು, ಕಾಯ್ದೆನ ಹಂಗೈತಿ. ಅಂದ್ರ ನೋಡವಾ, ಆ ಹೆಣ್ಮಕ್ಕಳು ಬರಕೊಂಡಿದ್ದು ಮುಕ್ಕಾಲು ಪಾಲು ಬರೋಬ್ಬರಿನ ಇತ್ತು! ಬರೇ ಗೆರಿ ಹೊಡದು ಸಣ್ಣ ಅಂಕಿ ಸೇರಿಸೋದಿತ್ತು. ನಾನು ಬಕೀಟು ಹಿಡದಿದ್ದೆ.

ಸಂಜಿ ಒಳಗ ಕಾಗದ ಕಟ್ಟಿ ಕೊಡಬೇಕು, ಗಡಬಡಿ. ಅಳಿಸಿದ ಮೂರನ್ನ ತಿರುಗಿ ಬರದೆ. ಎಲ್ಲಾ ಮನಿ ಬರಕೊಂಡೆ. ಕೀಲಿ ಹಾಕಿದ್ದಿತ್ತಲ್ಲ, ಅದಕ್ಕ ಬಾಜೂದವರನ್ನ ಕೇಳಬೇಕಿತ್ತು. ಜನ ಇದ್ದು ಊರಿಗೆ ಹೋಗಿದ್ರ 'ಬೀಗ' ಅಂತ ಬರೀಬೇಕು, ಯಾರೂ ಇರದ ಮನಿ ಆದ್ರ 'ಖಾಲಿ'. ನಾ ಕೇಳಲಿಲ್ಲ. ಖಾಲಿ ಅಂತ ಬರದು ಓಡಿದೆ. ನೌಕ್ರಿ ಉಳೀತು, ಹೆಡ್‌ಬಾಯಾರು ಶಹಬ್ಬಾಸ್ ಅಂದ್ರು.

ಹದಿನೈದು ದಿನದ ಮ್ಯಾಲ ನರಸಮ್ಮನ್ನ ನೋಡಾಕ ಹೋದೆ. ಕೀಲಿ ಹಾಕಿದ್ದ ಆ ಮನಿ ಮುಂದ ಒಬ್ಬ ಮುದುಕಿ ಅಕ್ಕಿ ಆರಸ್ತಿದ್ಲು. ಬಾಲಮ್ಮ ಅಂತ, ಮಗಳ ಬಾಣಂತನಕ್ಕ ಊರಿಗೆ ಹೋಗಿದ್ದಳಂತ. "ಟೀಚರಮ್ಮ, ನನ್ನ ಬಾಗಲಕ್ಕೂ ಹಾಕೀ ಅಂತಲ್ಲ! ನನ್ನ ಏನಂತ ಬರಕೊಂಡಿ?" ಅಂತ ನಕ್ಕೋತ ಕೇಳಿದ್ಲು. ಈಗ ಬಂದೆ ಅಂತ ಹೇಳಿ ಹೊಂಟೆ. ಸಾಹೇಬ್ರ ಹತ್ರ ಓಡಿದೆ, ಕಾಗದದ ಕಟ್ಟಿಗೆ ಸೀಲ್ ಬಿದ್ದೈತಿ, ಹೋತು ಅಂದ್ರು. ಹೊಳ್ಳಿ ಬಂದು ಆಕಿಗೆ ನಾ ಹೇಳಲೇ ಇಲ್ಲವಾ, ಚಲೋ ಬರದೀನಿ ಬಾಲಮ್ಮ ಅಂದೆ. ಒಂದೆಲಿ ಅಡಿಕಿ ಕೊಟ್ಲು, ತಿಂದೆ.

ಬಾಗಲಕ್ಕ ಕೀಲಿ ಐತಿ ಅಂತ ಮನಿ ಖಾಲಿ ಅನಬಾರದವಾ, ಬಾಜೂದವರನ್ನ ಒಂದು ಮಾತು ಕೇಳಬೇಕು. ಆ ಮೊಬೈಲ್ ಇಡು, ಪೆನ್ನು ತಗೋ, ಬರಕೋ. ಬಾಲಮ್ಮ. ಒಂದು ಖೋಲಿ, ಕಲ್ಲಿನ ಗ್ವಾಡಿ, ತಗಡು. ಇರೋರು ಒಬ್ಬಾಕಿ. ಬರದಿ?