ಪಾಪ ಅಂದದ್ದು ಯಾರಿಗೆ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಗಾರ್ಮೆಂಟ್ಸಿನ ಇಬ್ಬರು ಹೆಂಗಸರು ನಿಂತಿದ್ದರು. ಅವರ ಜೊತೆ ಹೊಲಿಯುತ್ತಿದ್ದವಳನ್ನು, ಬೇರೊಬ್ಬನೊಡನೆ ಮಾತಾಡಿದಳೆಂದು ಗಂಡ ಮೊನ್ನೆ ಕೊಂದಿದ್ದ.

"ಪೇಪರಿನವರು ‘ಪ್ರೀತಿಯ ಹುಚ್ಚು’ ಅಂತ ಬರೆದಿದ್ದಾರೆ ನೋಡೇ. ಕೊಲೆಗೂ ಪ್ರೀತಿ ಅಂತಾರಾ?"

"ನಮ್ಮನೆಯವ್ರು ಅದನ್ನ ಎರಡು ಸಲ ಓದಿದ್ರಕ್ಕ. ‘ಪಾಪ, ಅವನಿಗೆಷ್ಟು ನೋವಾಗಿತ್ತೋ’ ಅಂದ್ರು."

"ಸತ್ತವಳಿಗೆ ಪಾಪ ಅನ್ಲಿಲ್ವಾ?"

"ಇಲ್ಲ. ಸೂಪರ್‌ವೈಸರ್ ಹತ್ರ ನೀನ್ಯಾಕೆ ನಗ್ತೀಯ ಅಂತ ಕೇಳಿದ್ರು."

"ಆ ಸೂಪರ್‌ವೈಸರ್ ಮೂತಿ ನೋಡಿದ್ರೆ ಯಾರಿಗಾದ್ರೂ ನಗು ಬರುತ್ತೆ."

ಕಿರಿಯಳು ನಗಲಿಲ್ಲ.

"ಮನೆಗೆ ಹೋಗೋಕೆ ಕಾಲೇ ಬರ್ತಿಲ್ಲಕ್ಕ."

"ಹೋಗ್ಬೇಡ. ನಮ್ಮನೆಗೆ ಬಾ."

"ಅವಳೂ ನಿಮ್ಮನೇಲಿ ಎರಡು ದಿನ ಇದ್ಳಲ್ಲ. ಬುದ್ಧಿ ಹೇಳಿ ಗಂಡನ ಹತ್ರ ಕಳಿಸಿದ್ದು ನೀನೇ."

ಹಿರಿಯಳು ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ಹೌದು ಕಣೇ, ನಾನೇ. ನಿನ್ನ ಕಳಿಸಲ್ಲ."

ಹಿರಿಯಳ ಮನೆ ಕಡೆಯ ಬಸ್ಸು ಬಂತು. ಇಬ್ಬರೂ ಹತ್ತಿದರು.