ಅಂಚಿನ ಬರಹ

ಹೊಲಿಗೆ ಬಿಚ್ಚಿದ ಬೈಬಲನ್ನು ಮೇಜಿನ ಮೇಲೆ ಬಿಡಿಸಿಟ್ಟು ಬೈಂಡರ್ ಕೇಳಿದ್ದು ಒಂದೇ ಮಾತು: ಹೊಸದಾಗಿ ಹೊಲಿದು ಅಂಚನ್ನು ಸಮವಾಗಿ ಕತ್ತರಿಸಿ ಸವರಿದರೆ ಅಲ್ಲಿರುವ ಪೆನ್ಸಿಲ್ ಬರಹ ಹೋಗುತ್ತದೆ, ಪರವಾಗಿಲ್ಲವೇ? ಕೇಳಿದ್ದೇ ತಡ, ಎದುರಿಗಿದ್ದ ಅತ್ತಿಗೆ ಮೈದುನರಿಗೆ ಮಾತು ಹತ್ತಿಕೊಂಡಿತು. ಪುಸ್ತಕ ತೀರಿಹೋದ ಅಣ್ಣನದು. ಮೈದುನ ಚರ್ಚಿನಲ್ಲಿ ಬೋಧಕ.

“ಸವರಲಿ ಬಿಡಿ ಅತ್ತಿಗೆ. ನಡುವೆ ಇರೋದು ದೇವರ ವಾಕ್ಯ. ಅದಕ್ಕೆ ಒಂದಕ್ಷರ ಸೇರಿಸೋ ಹಾಗಿಲ್ಲ.”

“ನಿಮ್ಮಣ್ಣ ಎಲ್ಲಿ ಸೇರಿಸಿದ್ರು? ದೇವರು ಮಾತಾಡಿದ್ದು ನಡುವೆ. ಇವರು ಉತ್ತರ ಕೊಟ್ಟಿದ್ದು ಅಂಚಲ್ಲಿ.”

“ಉತ್ತರ ಮನಸ್ಸಲ್ಲಿ ಕೊಟ್ರೆ ಸಾಲದಾ?”

“ಮನಸ್ಸಲ್ಲಿದ್ದದ್ದು ಅವರ ಜೊತೇಲೇ ಹೋಯ್ತಲ್ಲ.”

ಅತ್ತಿಗೆ ಕ್ಷಮೆಯ ಮಾತಿರುವ ಪುಟವನ್ನು ಹುಡುಕಿ ಅವನ ಮುಂದಿಟ್ಟಳು.

“ಊರಿಗೆಲ್ಲ ಓದಿ ಹೇಳ್ತೀಯ. ಈ ಅಂಚನ್ನೊಂದು ಓದು.”

“‘ಓದಿದೆ. ತಮ್ಮನ ಮೇಲಿನ ಸಿಟ್ಟು ಹೋಗಿಲ್ಲ.’ ಕೆಳಗೆ, ‘ಮತ್ತೆ ಓದಿದೆ. ಹೋಗಿಲ್ಲ.’”

“ಇನ್ನೂ ಕೆಳಗೆ.”

“‘ಇವತ್ತು ಹೋಯಿತು.’”

ಮೈದುನ ಕನ್ನಡಕ ತೆಗೆದ.

“ಯಾವತ್ತು ಬರೆದದ್ದು?”

“ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ಬಂದಮೇಲೆ ನಿನ್ನ ಕರೆಸಿ ಹೇಳ್ತೀನಿ ಅಂದಿದ್ರು. ಬರಲೇ ಇಲ್ಲ.”

ಮೈದುನ ಬೈಂಡರ್ ಕಡೆ ತಿರುಗಿದ.

“ಅಂಚು ಮುಟ್ಟಬೇಡಿ. ಹಾಗೇ ಹೊಲೀರಿ.”

“ಸೊಟ್ಟಗೆ ಕಾಣುತ್ತೆ ಸಾರ್.”

“ಕಾಣಲಿ ಬಿಡಿ,” ಎಂದಳು ಅತ್ತಿಗೆ. “ಅವರ ಅಕ್ಷರ ಅದಕ್ಕಿಂತ ಸೊಟ್ಟ.”

ಇಬ್ಬರೂ ಮೆಟ್ಟಿಲಿಳಿಯುವಾಗ ಮೈದುನನ ದನಿ ಕೇಳಿತು.

“ನನ್ನ ವಿಷಯ ಬೇರೆ ಕಡೇನೂ ಬರೆದಿದ್ದಾರಾ ಅತ್ತಿಗೆ?”

“ಮೊದಲ ಪುಟದಿಂದ ಓದು. ಸಿಗುತ್ತೆ.”